ಹೇನಿಗೆ ಜಾತಿಯಿಲ್ಲ

ಇತಿಹಾಸವೆಂದರೆ ರಾಜರು ಗೆದ್ದದ್ದು, ಸೋತದ್ದು ಅಂತ ನಮಗೆ ಪಾಠ ಹೇಳಿದರು. ಮಕ್ಕಳ ತಲೆಯ ಹೇನಿಗೂ ಇತಿಹಾಸವಿದೆ ಅಂತ ಯಾರೂ ಹೇಳಲಿಲ್ಲ. 'ಆ ಕೇರಿ ಹುಡುಗ್ರ ತಲೇಲಿ ಹೇನು, ಹಿಂದೆ ಕೂರ್ಸಿ' ಅನ್ನೋ ಮಾತು ಕೇಳುತ್ತಾ ಬೆಳೆದ ನಾವೇ ಅದನ್ನು ಬರೆಯಬೇಕಾಗಿದೆ.

ಇಸ್ರೇಲಿನ ಲಾಖೀಷ್‌ನಲ್ಲಿ ಆನೆದಂತದ ಒಂದು ಬಾಚಣಿಗೆ ಸಿಕ್ಕಿತು. ಸುಮಾರು 3,700 ವರ್ಷದ ಹಿಂದಿನದು. ಅದರ ಮೇಲಿನ ಬರಹ 2022ರಲ್ಲಿ ಪ್ರಕಟವಾಯಿತು. ಕಾನಾನ್ ಅಕ್ಷರಮಾಲೆಯಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಪೂರ್ಣ ವಾಕ್ಯ ಅದು. ಯಾವ ದೊರೆಯ ಹೊಗಳಿಕೆಯೂ ಅಲ್ಲ. ಕೂದಲು ಗಡ್ಡದ ಹೇನು ತೊಲಗಲಿ ಅನ್ನೋ ಹಾರೈಕೆ. ದಂತದ ಬಾಚಣಿಗೆ ಬಡವನದಾಗಿರಲಿಲ್ಲ. ಉಳ್ಳವರ ತಲೆಯಲ್ಲೂ ಹೇನಿತ್ತು.

ಹಾಗಾದರೆ ಹೇನು ಕೇರಿಯ ಗುರುತಾದದ್ದು ಹೇಗೆ? ಬಾಬಾಸಾಹೇಬರ ಬಾಲ್ಯ ನೋಡಿ. ಸಾತಾರಾದಲ್ಲಿ ಕ್ಷೌರಿಕರಿದ್ದರು, ಕೊಡಲು ಕಾಸೂ ಇತ್ತು. ಆದರೂ ಅಸ್ಪೃಶ್ಯರ ಕೂದಲಿಗೆ ಯಾರೂ ಕತ್ತರಿ ಹಾಕಲಿಲ್ಲ. ಅಕ್ಕನೇ ತಮ್ಮಂದಿರ ಕೂದಲು ಕತ್ತರಿಸಿದಳು. ಶಾಲೆಯಲ್ಲಿ ಜವಾನ ಎತ್ತಿ ಹೊಯ್ದರಷ್ಟೇ ನೀರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲು ಸತ್ಯಾಗ್ರಹವೇ ಬೇಕಾಯಿತು. ಬಾವಿಯನ್ನೂ ಕತ್ತರಿಯನ್ನೂ ಕಿತ್ತುಕೊಂಡವರೇ 'ಕೊಳಕರು' ಅಂದರು! ನಮ್ಮ ಕುಣಿಗಲ್ಲನ್ನೇ ನೋಡಿ. ಅಲ್ಲಿನ ಕುದುರೆ ಫಾರಂ ಹೆಸರುವಾಸಿ. ಕುದುರೆಗೆ ದಿನಾ ಮೈ ಉಜ್ಜಿ ತೊಳೆಯೋ ಆಳಿರುತ್ತಾನೆ. ಕೇರಿಯ ಕೂಸಿಗೆ ಊರಬಾವಿ ಇರಲಿಲ್ಲ.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಹೆಸರು ಬದಲಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಬಾವಿ, ಕ್ಷೌರದಂಗಡಿ ನಿರಾಕರಿಸುವುದು ಅಪರಾಧ. ಕಾಯ್ದೆ ಕಾಗದದಲ್ಲಿದೆ, ಬಾಗಿಲು ತೆರೆಸೋದು ಇನ್ನೂ ನಮ್ಮ ಕೆಲಸ.

ವಿಜ್ಞಾನ ಹೇಳುವುದು ಸರಳ. ಹೇನು ಹಾರದು, ನೆಗೆಯದು. ತಲೆಗೆ ತಲೆ ತಗುಲಿದರೆ ಹತ್ತುತ್ತದೆ. ತೊಳೆದ ಕೂದಲಲ್ಲೂ ಬದುಕುತ್ತದೆ. ಒತ್ತೊತ್ತಾಗಿ ಮಲಗುವ ಹಾಸ್ಟೆಲಿನಲ್ಲಿ ಹರಡಿದರೆ ತಪ್ಪು ಮಕ್ಕಳದಲ್ಲ. ಬಟ್ಟೆಯಲ್ಲಿ ಸೇರೋ ಕೂರೆ ಬೇರೆ. ಟೈಫಸ್ ಜ್ವರ ಹರಡುವುದು ಅದರಿಂದ ಅಂತ 1909ರಲ್ಲಿ ಟ್ಯೂನಿಸ್‌ನಲ್ಲಿ ಚಾರ್ಲ್ಸ್ ನಿಕೋಲ್ ತೋರಿಸಿದ. ಬದಲಿಸಲು ಬಟ್ಟೆಯಿಲ್ಲದ ಕಡೆ, ಯುದ್ಧದ, ಜೈಲಿನ ಕಡೆ ಕೂರೆ ಹೆಚ್ಚು. ಅದು ಬಡತನದ ರೋಗ, ಜಾತಿಯ ರೋಗವಲ್ಲ.

ಮೇಷ್ಟ್ರುಗಳೇ, ಇದನ್ನು ಊರಿಗೆಲ್ಲ ಹೇಳಿ. ಕೂದಲು ಒದ್ದೆ ಮಾಡಿ, ಎಣ್ಣೆ ಹಚ್ಚಿ, ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಲ್ಲಿ ಬುಡದಿಂದ ತುದಿಗೆ ಬಾಚಬೇಕು. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ ಬಿಡದೆ. ಸೀರು ಒಡೆದು ಮರಿ ಬರಲು ವಾರ, ಹತ್ತು ದಿನ ಬೇಕು. ಅದಕ್ಕೇ ಒಂದು ಸಲ ಬಾಚಿ ಬಿಟ್ಟರೆ ಸಾಲದು. ಆರೋಗ್ಯ ಕೇಂದ್ರದಲ್ಲಿ ಕೇಳಿ ಶೇಕಡಾ 1ರ ಪರ್ಮೆಥ್ರಿನ್ ಹಚ್ಚಬಹುದು. ಅದನ್ನೂ ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಮನೆಯವರೆಲ್ಲರ ತಲೆಯನ್ನೂ ಒಟ್ಟಿಗೇ ನೋಡಬೇಕು. ಸೀಮೆಎಣ್ಣೆ ಬೇಡ, ಬೆಂಕಿ ಹತ್ತುತ್ತದೆ. ಹೊಲಕ್ಕೆ ಹೊಡೆಯೋ ಔಷಧಿ ಬೇಡವೇ ಬೇಡ, ಅದು ಮಗುವಿನ ಜೀವ ತೆಗೆಯುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಸುಡುತ್ತದೆ.

ಹೇನಿಗಾಗಿ ಮಗುವನ್ನು ಶಾಲೆ ಬಿಡಿಸಬೇಕಿಲ್ಲ, ಬೇರೆ ಕೂರಿಸಬೇಕಿಲ್ಲ, ತಲೆ ಬೋಳಿಸಬೇಕಿಲ್ಲ. ಪರೀಕ್ಷೆ ಮಾಡುವುದಾದರೆ ತರಗತಿಯ ಎಲ್ಲರ ತಲೆ ನೋಡಿ. ಗೌಡರ ಮಗಳದ್ದೂ, ಶಾನುಭೋಗರ ಮೊಮ್ಮಗನದ್ದೂ. ಬಾಚಣಿಗೆ ಯಾರ ಕುಲವನ್ನೂ ಕೇಳುವುದಿಲ್ಲ. ನೀರು, ಕತ್ತರಿ, ಬೆಂಚು, ಈ ಮೂರೂ ಎಲ್ಲ ಮಕ್ಕಳಿಗೂ ಸಿಗಲಿ. ತಲೆಯ ಹೇನು ಎರಡು ವಾರದಲ್ಲಿ ಹೋಗುತ್ತದೆ. ತಲೆಯೊಳಗಿನ ಜಾತಿ ಬಾಚಿ ತೆಗೆಯೋದಕ್ಕೆ ಎಷ್ಟು ವರ್ಷ?