ಬೆಳ್ಳಿಗಾಲಿನ ನೊಣ

ಕೇಡು ದೊಡ್ಡದಾದರೆ ಅದರ ಕಾರಣವೂ ದೊಡ್ಡದೇ ಇರಬೇಕೆಂದು ಮನುಷ್ಯ ಊಹಿಸುತ್ತಾನೆ. ಬಂಗಾಳ, ಅಸ್ಸಾಮ್, ಬಿಹಾರಗಳ ಹಳ್ಳಿಗಳನ್ನು ಬರಿದು ಮಾಡಿದ ಕಾಲಾ ಆಜಾರಿನ ವಿಷಯದಲ್ಲಿ ಈ ಊಹೆ ಸುಳ್ಳಾಯಿತು. ಆ ರೋಗವನ್ನು ಹೊತ್ತು ತಿರುಗಿದ್ದು ಹೆಚ್ಚೆಂದರೆ ಮೂರು ಮಿಲಿಮೀಟರು ಉದ್ದದ, ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಬಲ್ಲ ಒಂದು ಮರಳುನೊಣ.

ಕಾಲಾ ಆಜಾರ್ ಎಂದರೆ ಕರಿಯ ಬೇನೆ. ತಿಂಗಳುಗಟ್ಟಲೆ ಬಿಡದ ಜ್ವರ. ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಕಡ್ಡಿಯಾಗುತ್ತವೆ, ಮೈಬಣ್ಣ ಕಪ್ಪೇರುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಸಾವು ಬಹುಮಟ್ಟಿಗೆ ನಿಶ್ಚಿತ. 1824ರಲ್ಲಿ ಬಂಗಾಳದ ಜೆಸ್ಸೋರಿನಲ್ಲಿ ವೈದ್ಯರು ಇದನ್ನು ಗುರುತಿಸಿದರು. 1903ರಲ್ಲಿ ಲೀಶ್ಮನ್ ಮತ್ತು ಮದರಾಸಿನಲ್ಲಿದ್ದ ಡಾನೊವನ್ ಪ್ರತ್ಯೇಕವಾಗಿ ರೋಗಾಣುವಿನ ವಿವರವನ್ನು ಪ್ರಕಟಿಸಿದರು. ಇಬ್ಬರ ಹೆಸರೂ ಅದಕ್ಕೆ ಸೇರಿಕೊಂಡಿತು. ಆದರೆ ರೋಗಿಯಿಂದ ಆರೋಗ್ಯವಂತನಿಗೆ ಅದನ್ನು ದಾಟಿಸುವವರು ಯಾರು? ಸಂಶಯ ಬಹುಕಾಲ ತಿಗಣೆಯ ಮೇಲಿತ್ತು.

ದಾರಿ ತೋರಿದ್ದು ನೊಣಗಳ ಸಮೀಕ್ಷೆ. ಮರಳುನೊಣ ಹಗಲೆಲ್ಲ ದನದ ಕೊಟ್ಟಿಗೆಯಲ್ಲಿ, ಮಣ್ಣುಗೋಡೆಯ ಬಿರುಕಿನಲ್ಲಿ ಅಡಗಿರುತ್ತದೆ. ಸಗಣಿ ಬೆರೆತ ತೇವದ ಮಣ್ಣಿನಲ್ಲಿ ಅದರ ಮರಿಹುಳುಗಳು ಬೆಳೆಯುತ್ತವೆ. ಅದರ ಜಾತಿಗಳನ್ನು ಬರಿಗಣ್ಣು ಬೇರ್ಪಡಿಸಲಾರದು. ಗಂಟಲಿನೊಳಗಿನ ಹಲ್ಲುಗಳನ್ನೂ ಹೆಣ್ಣಿನ ವೀರ್ಯಕೋಶದ ಆಕಾರವನ್ನೂ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ಈ ಶ್ರಮದ ಕೆಲಸವನ್ನು ಕೈಗೊಂಡವರಲ್ಲಿ ಪ್ರಮುಖನು ಸೇನಾವೈದ್ಯ ಜಾನ್ ಸಿಂಟನ್. ರೋಗವಿರುವ ಪ್ರದೇಶದ ನಕ್ಷೆಯೂ ‘ಅರ್ಜೆಂಟಿಪೆಸ್’, ಅಂದರೆ ಬೆಳ್ಳಿಗಾಲಿನದು, ಎಂಬ ಜಾತಿಯ ನಕ್ಷೆಯೂ ಹೊಂದುತ್ತವೆ ಎಂಬುದನ್ನು 1920ರ ದಶಕದಲ್ಲಿ ಅವನು ಗಮನಿಸಿದ. 1924ರಲ್ಲಿ ಕಲ್ಕತ್ತೆಯ ನೋಲ್ಸ್, ನೇಪಿಯರ್, ಸ್ಮಿತ್ ಆ ನೊಣದ ಹೊಟ್ಟೆಯಲ್ಲಿ ರೋಗಾಣು ಬೆಳೆಯುವುದನ್ನು ಕಂಡರು.

ಆದರೆ ಹೊಂದಾಣಿಕೆ ಬೇರೆ, ಪ್ರಮಾಣ ಬೇರೆ. ಇದೇ ನೊಣ ದಕ್ಷಿಣದಲ್ಲಿ ಈ ರೋಗವಿಲ್ಲದ ಊರುಗಳಲ್ಲಿಯೂ ಉಂಟು. ಕಚ್ಚುವುದರಿಂದಲೇ ರೋಗ ಬರುತ್ತದೆಂದು ತೋರಿಸಲು ವರ್ಷಗಟ್ಟಲೆ ಪ್ರಯತ್ನ ನಡೆದರೂ ಫಲ ದೊರೆಯಲಿಲ್ಲ. ಕೊನೆಗೆ ಗಂಟು ಬಿಡಿಸಿದ್ದು ಒಣದ್ರಾಕ್ಷಿ! ರೋಗಿಯ ರಕ್ತ ಕುಡಿದ ನೊಣಕ್ಕೆ ಮತ್ತೆ ರಕ್ತದ ಬದಲು ಹಣ್ಣಿನ ರಸ ಕೊಟ್ಟರೆ ಅದು ಹೆಚ್ಚು ದಿನ ಬದುಕುತ್ತದೆ, ರೋಗಾಣು ಅದರ ಗಂಟಲು ಕಟ್ಟುವಷ್ಟು ಹೆಚ್ಚುತ್ತದೆ ಎಂದು ಸ್ಮಿತ್ ಮತ್ತು ಸಂಗಡಿಗರು 1940ರಲ್ಲಿ ಕಂಡುಕೊಂಡರು. ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಅಸ್ಸಾಮಿನಲ್ಲಿ ಈ ವಿಧಾನವನ್ನೇ ಅನುಸರಿಸಿದರು. ತಾವಾಗಿ ಮುಂದೆ ಬಂದ ಐವರು ಅಂಥ ನೊಣಗಳಿಗೆ ಮೈಯೊಡ್ಡಿದರು. ಐವರಿಗೂ ರೋಗ ತಗುಲಿತು. 1942ರಲ್ಲಿ ಈ ಸಾಕ್ಷ್ಯ ಪ್ರಕಟವಾಯಿತು. ಸಮೀಕ್ಷಕರ ನಕ್ಷೆಗೆ ಮುದ್ರೆಯೊತ್ತಿದ್ದು ಆ ಐವರ ಮೈ ಎಂಬುದನ್ನು ನಾವು ಮರೆಯಲಾಗದು.

ಮುಂದಿನ ಕಥೆ ಎಚ್ಚರಿಕೆಯದು. ಐವತ್ತರ ದಶಕದಲ್ಲಿ ಮಲೇರಿಯಾ ನಿವಾರಣೆಗೆಂದು ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸಿದಾಗ ಮರಳುನೊಣವೂ ಸತ್ತಿತು, ಕಾಲಾ ಆಜಾರ್ ಬಹುತೇಕ ಮರೆಯಾಯಿತು. ಸಿಂಪಡಣೆ ನಿಂತ ಮೇಲೆ, ಎಪ್ಪತ್ತರ ದಶಕದಲ್ಲಿ, ಬಿಹಾರದಲ್ಲಿ ಅದು ಮತ್ತೆ ತಲೆಯೆತ್ತಿ ಮಣ್ಣುಗೋಡೆಯ ಬಡವರನ್ನೇ ಬಲಿ ತೆಗೆದುಕೊಂಡಿತು.

2023ರಲ್ಲಿ ಬಾಂಗ್ಲಾದೇಶವು ಈ ಪಿಡುಗನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇಂಥ ಮಾನ್ಯತೆ ಪಡೆದ ಮೊದಲ ದೇಶ ಅದು. ಜೆಸ್ಸೋರ್ ಇಂದು ಇರುವುದು ಅಲ್ಲಿಯೇ. ಆದರೆ ಗುಣ ಹೊಂದಿದವರ ಚರ್ಮದಲ್ಲಿಯೂ ರೋಗಾಣು ವರ್ಷಗಟ್ಟಲೆ ಉಳಿಯಬಲ್ಲದು. ನೊಣವಂತೂ ಎಲ್ಲಿಗೂ ಹೋಗಿಲ್ಲ. ಆದುದರಿಂದ ರೋಗವಿಲ್ಲದ ದಿನಗಳಲ್ಲಿಯೂ ಕೊಟ್ಟಿಗೆಯ ಗೋಡೆಯ ಮೇಲೆ ನೊಣ ಹುಡುಕುವ ಕೆಲಸ ಸಾಗುತ್ತಿರಬೇಕು.