ದಮನಕನ ವಿಚಾರಣೆ



ಪಂಚತಂತ್ರದ ಮೊದಲನೆಯ ತಂತ್ರವನ್ನು ಪಾಠಮಾಡುತ್ತಿದ್ದ ದಿನಗಳಲ್ಲಿ ಒಬ್ಬ ವಿದ್ಯಾರ್ಥಿ ಎದ್ದುನಿಂತು, "ಸಾರ್, ದಮನಕನಿಗೆ ಶಿಕ್ಷೆ ಏನಾಯಿತು?" ಎಂದು ಕೇಳಿದ್ದನು. "ಏನೂ ಆಗಲಿಲ್ಲ, ಅವನು ಮಂತ್ರಿಯಾಗಿಯೇ ಉಳಿದನು" ಎಂದೆನು. ಆ ಉತ್ತರದಿಂದ ಹುಡುಗನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ.

ಕಥೆ ನಿಮಗೆಲ್ಲ ತಿಳಿದದ್ದೇ. ಪಿಂಗಲಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಸ್ನೇಹ. ದಮನಕನೆಂಬ ನರಿ ಇಬ್ಬರಲ್ಲಿಯೂ ಚಾಡಿ ಹೇಳಿ ಸಿಂಹದ ಕೈಯಿಂದಲೇ ಎತ್ತನ್ನು ಕೊಲ್ಲಿಸುತ್ತದೆ. ಇದು ಕೊಲೆಯ ಕಥೆಯೇ ಸರಿ. ಆದರೆ ಸಂಸ್ಕೃತದ ಪ್ರಸಿದ್ಧ ಪಾಠಗಳಲ್ಲಿ ನ್ಯಾಯಾಲಯವಿಲ್ಲ. ಅದು ರಾಜನೀತಿಯ ಗ್ರಂಥ. ಕನ್ನಡಕ್ಕೆ ಸುಮಾರು 1031ರಲ್ಲಿ ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಅದನ್ನು ತಂದ ದುರ್ಗಸಿಂಹನೂ ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿ, ಆಸ್ಥಾನದ ಒಳಹೊರಗನ್ನು ಬಲ್ಲವನು.

ಶಿಕ್ಷೆಯ ಪ್ರಶ್ನೆಗೆ ಉತ್ತರ ದೊರೆತದ್ದು ದೂರದ ಇರಾಕಿನಲ್ಲಿ. ಆರನೆಯ ಶತಮಾನದಲ್ಲಿ ಅರಸ ಖುಸ್ರೋ ಅನುಶೀರ್ವಾನನ ವೈದ್ಯ ಬುರ್ಜೋಯನು ಈ ಕಥೆಗಳನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫನು ಅದನ್ನು ಅರಬ್ಬಿಗೆ ತಿರುಗಿಸಿ 'ಕಲೀಲ ವ ದಿಮ್ನ' ಎಂದು ಕರೆದನು. ಕರಟಕ, ದಮನಕರೇ ಈ ಕಲೀಲ, ದಿಮ್ನರು. ಅರಬ್ಬಿಯಲ್ಲಿ ದಿಮ್ನನ ವಿಚಾರಣೆಯ ಒಂದು ಇಡೀ ಅಧ್ಯಾಯವೇ ಇದೆ. ಪಹ್ಲವಿಯಿಂದಲೇ ಹುಟ್ಟಿದ ಹಳೆಯ ಸಿರಿಯಾಕ್ ಅನುವಾದದಲ್ಲಿ ಅದು ಇಲ್ಲದಿರುವುದರಿಂದ, ಅದು ಇಬ್ನ್ ಅಲ್ ಮುಖಫ್ಫನ ಸ್ವಂತ ಸೇರ್ಪಡೆಯೆಂದು ವಿದ್ವಾಂಸರು ಭಾವಿಸುತ್ತಾರೆ.

ಆ ಅಧ್ಯಾಯದ ಕೌಶಲವನ್ನು ಗಮನಿಸಿರಿ. ಕೊಲೆಗೆ ಕಾರಣನಾರೆಂಬುದನ್ನು ಓದುಗನಿಂದ ಮುಚ್ಚಿಟ್ಟಿಲ್ಲ. ಕುತೂಹಲವಿರುವುದು, ಅದನ್ನು ಸಾಬೀತುಪಡಿಸುವುದು ಹೇಗೆ ಎಂಬುದರಲ್ಲಿ. ಕಲೀಲನು ದಿಮ್ನನನ್ನು ಬೈಯುತ್ತಿದ್ದುದನ್ನು ಚಿರತೆ ಕೇಳಿಸಿಕೊಂಡು ಸಿಂಹದ ತಾಯಿಗೆ ಗುಟ್ಟಾಗಿ ತಿಳಿಸುತ್ತದೆ. ಹೆಸರು ಹೇಳುವಂತಿಲ್ಲ, ಸಾಕ್ಷಿಯಿಲ್ಲದೆ ಶಿಕ್ಷೆಯಿಲ್ಲ. ಸಭೆಯಲ್ಲಿ ಅರಸನ ಪಾಕಶಾಲೆಯ ಅಧಿಕಾರಿ ಎದ್ದು, ದಿಮ್ನನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು, ಇದು ದುಷ್ಟನ ಲಕ್ಷಣ ಎನ್ನುತ್ತಾನೆ. ದೇಹಲಕ್ಷಣವೇ ಗುಣವಾದರೆ ಪಾಪಪುಣ್ಯಗಳಿಗೆ ಅರ್ಥವೇನು ಎಂದು ದಿಮ್ನನು ಅವನ ಬಾಯಿ ಮುಚ್ಚಿಸುತ್ತಾನೆ. ನರಿಯೆಂದರೆ ವಂಚಕನೆಂದೇ ನಂಬಿಸುವ ಪ್ರಾಣಿಕಥೆಯೊಳಗೆ ಈ ಮಾತನ್ನು ಅಪರಾಧಿಯಿಂದಲೇ ಆಡಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ ಚಿರತೆ ಬಹಿರಂಗವಾಗಿ ಸಾಕ್ಷಿ ನುಡಿಯುತ್ತದೆ. ಸೆರೆಮನೆಯಲ್ಲಿ ಕಲೀಲ, ದಿಮ್ನರ ಮಾತನ್ನು ಕೇಳಿಸಿಕೊಂಡಿದ್ದ ಮತ್ತೊಂದು ಮೃಗವೂ ಮುಂದೆ ಬರುತ್ತದೆ. ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದರೆ, ಒಂಟಿ ಸಾಕ್ಷಿಯಿಂದ ತೀರ್ಪಾಗದೆಂದು ಗೊತ್ತಿತ್ತು ಎನ್ನುತ್ತದೆ. ಇಸ್ಲಾಮೀ ನ್ಯಾಯಪದ್ಧತಿಯ ಇಬ್ಬರು ಸಾಕ್ಷಿಗಳ ನಿಯಮ ಹೀಗೆ ನಮ್ಮ ಪಂಚತಂತ್ರದ ಕಾಡನ್ನು ಹೊಕ್ಕಿತು! ದಿಮ್ನನು ಪ್ರಾಣ ಕಳೆದುಕೊಳ್ಳುತ್ತಾನೆ.

ಇದನ್ನು ಬರೆದವನಿಗಾದರೋ ಇಂತಹ ವಿಚಾರಣೆ ದೊರೆಯಲಿಲ್ಲ. ಖಲೀಫ ಅಲ್ ಮನ್ಸೂರನ ಕಾಲದಲ್ಲಿ, ಸುಮಾರು 756ರಲ್ಲಿ, ಬಸ್ರಾದ ಅಧಿಕಾರಿಯೊಬ್ಬನು ಅವನನ್ನು ಕೊಲ್ಲಿಸಿದನು.

ಆ ಹುಡುಗ ಅಂದು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದನು: "ಕೊಂದದ್ದು ಸಿಂಹವಲ್ಲವೇ ಸಾರ್?" ಅಷ್ಟರಲ್ಲಿ ಗಂಟೆ ಹೊಡೆಯಿತು. ಅರಬ್ಬಿಯ ಆ ಅಧ್ಯಾಯದಲ್ಲಿಯೂ ಸಿಂಹವು ಕಟಕಟೆಯಲ್ಲಿ ನಿಲ್ಲುವುದಿಲ್ಲ, ಸಿಂಹಾಸನದ ಮೇಲೆಯೇ ಕುಳಿತಿರುತ್ತದೆ.