ಸೋತ ಜಟ್ಟಿಯನ್ನು ಹೊತ್ತು ತಂದವರು ಯಾರು?

ಕುಸ್ತಿಯ ಅಖಾಡದಲ್ಲಿ ಗೆದ್ದವನಿಗೆ ಏನು ಸಲ್ಲಬೇಕೆಂಬ ವಿಷಯದಲ್ಲಿ ಜನರಿಗೆ ಗೊಂದಲವಿಲ್ಲ. ಹಾರ, ಪೇಟ, ಗದೆ, ಮೆರವಣಿಗೆ ಎಲ್ಲವೂ ಅವನಿಗೇ. ವಾದ ಹುಟ್ಟುವುದು ಸೋತವನ ವಿಷಯದಲ್ಲಿ. ನಿನ್ನೆಯವರೆಗೆ ಊರಿನ ಕಣ್ಮಣಿಯಾಗಿದ್ದ ಪೈಲ್ವಾನನ ಬೆನ್ನು ಇಂದು ಮಣ್ಣಿಗೆ ತಾಗಿದರೆ ಅವನನ್ನು ಹೇಗೆ ನಡೆಸಿಕೊಳ್ಳಬೇಕು? ಈ ಪ್ರಶ್ನೆ ಬಂದಾಗ ಅವನ ಅಭಿಮಾನಿಗಳೇ ಎರಡು ಮೂರು ಪಂಗಡಗಳಾಗುತ್ತಾರೆ.

ಈ ವಾದ ಎಷ್ಟು ಹಳೆಯದೆಂಬುದಕ್ಕೆ ನಮ್ಮ ಗಾದೆಗಳೇ ಸಾಕ್ಷಿ. 'ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು' ಎನ್ನುತ್ತದೆ ಒಂದು ಗಾದೆ. ಪ್ರೀತಿಯ ಜಟ್ಟಿ ಬಿದ್ದುದನ್ನು ಒಪ್ಪಲಾರದ ಅಭಿಮಾನಿಯ ಮಾತಿದು. 'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎನ್ನುತ್ತದೆ ಇನ್ನೊಂದು. ಇದು ಅಂಥ ಅಭಿಮಾನಿಯನ್ನು ಕಂಡು ನಗುವವರ ಮಾತು. ಸೋತವನನ್ನು ಅಲ್ಲೇ ಬಿಟ್ಟು ಗೆದ್ದವನ ಹಿಂದೆ ಓಡುವವರಿಗೂ ಒಂದು ಮಾತಿದೆ: 'ಗೆದ್ದೆತ್ತಿನ ಬಾಲ ಹಿಡಿಯುವುದು'. ನೆಪ ಹೇಳುವವರು, ನಗುವವರು, ಬಿಟ್ಟು ಹೋಗುವವರು ಹೀಗೆ ಮೂರು ಬಗೆಯವರನ್ನು ನಮ್ಮ ಹಿರಿಯರು ಗುರುತಿಸಿದ್ದರು. ಇವರಲ್ಲದೆ ನಾಲ್ಕನೆಯ ಬಗೆಯವರೂ ಇದ್ದರೇ? ಇತಿಹಾಸದಲ್ಲಿ ಹುಡುಕಿ ನೋಡೋಣ.

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆಗೆ ದೀರ್ಘವಾದ ಪರಂಪರೆಯಿದೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ ಮತ್ತು ಸಾಧನೆಯ ಕ್ರಮವನ್ನು ಅಲ್ಲಿ ಹೇಳಲಾಗಿದೆ. ಮಲ್ಲರನ್ನು ಸಾಕುವುದು ಅರಮನೆಯ ಹೊಣೆಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಸುಮಾರು 1520ರ ವೇಳೆಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಮಹಾನವಮಿಯ ಉತ್ಸವದಲ್ಲಿ ಮಲ್ಲರ ಕಾಳಗವನ್ನು ಕಂಡು ಬರೆದಿಟ್ಟಿದ್ದಾನೆ. ಅದು ಬರಿಯ ಹಿಡಿತಗಳ ಕುಸ್ತಿಯಲ್ಲ, ಹೊಡೆತಗಳೂ ಇದ್ದ ಕಾಳಗ. ಹಲ್ಲು ಮುರಿಯುತ್ತಿದ್ದವು, ಕಣ್ಣು ಹೋಗುತ್ತಿದ್ದವು, ಮುಖ ವಿಕಾರವಾಗುತ್ತಿತ್ತು. ಇಬ್ಬರನ್ನೂ ಸಮವಾಗಿ ಕಣಕ್ಕಿಳಿಸಲು ಮತ್ತು ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ಪಂಚರಿದ್ದರು. ಮಾತೇ ಹೊರಡದ ಸ್ಥಿತಿಯಲ್ಲಿದ್ದವರನ್ನು ಅವರ ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರೆಂದೂ ಅವನು ಹೇಳುತ್ತಾನೆ. ಗಮನಿಸಿ, ಗೆದ್ದವನ ಮರ್ಯಾದೆಗೆ ರಾಜ್ಯದ ಏರ್ಪಾಡಿತ್ತು. ನೆಲಕ್ಕೆ ಬಿದ್ದವನಿಗೆ ಇದ್ದುದು ಗೆಳೆಯರ ಹೆಗಲು ಮಾತ್ರ. ನಮ್ಮ ನಾಲ್ಕನೆಯ ಬಗೆಯವರು ಇಲ್ಲಿ ಮೊದಲಬಾರಿಗೆ ಕಾಣಿಸುತ್ತಾರೆ. ಅವರು ಯಾರ ಹತ್ತಿರವೂ ವಾದ ಮಾಡುತ್ತಿಲ್ಲ, ಗೆಳೆಯನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ.

ಮಹಾನವಮಿಯ ಈ ಸಂಪ್ರದಾಯ ಮೈಸೂರು ಅರಸರ ದಸರೆಗೆ ಬಂದಿತು. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೀವು ಕೇಳಿರಬಹುದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನಚಾದ ವಜ್ರನಖವನ್ನು ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸಲಾಗುತ್ತದೆ. ನೋಡಲು ಭಯಂಕರವಾದ ಈ ಕಾಳಗದಲ್ಲಿ ಒಂದು ವಿವೇಕವಿದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಜಟ್ಟಿಯ ಹಟಕ್ಕಾಗಲಿ, ನೋಡುವವರ ಉತ್ಸಾಹಕ್ಕಾಗಲಿ ಬಿಟ್ಟಿಲ್ಲ. ನಿಯಮವೇ ಅದನ್ನು ತೀರ್ಮಾನಿಸುತ್ತದೆ. ಸೋತವನು ನಿಂತುಕೊಂಡೇ ಸೋಲುತ್ತಾನೆ.

ಸೋತವರನ್ನು ನೆನೆಯುವ ವಿಷಯದಲ್ಲಿ ನಮ್ಮ ವೀರಗಲ್ಲುಗಳೂ ಮಾತನಾಡುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಪ್ರಸಿದ್ಧ ಕಲ್ಲು ಒಂದು ನಾಯಿಯ ಸ್ಮಾರಕ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನು ಮೆಚ್ಚುಗೆಯಾಗಿ ಪಡೆದ 'ಕಾಳಿ' ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಗೆದ್ದು ಮನೆಗೆ ಬಂದವರು ಯಾರೂ ಇಲ್ಲದ ಆ ಹೋರಾಟಕ್ಕೆ ಮಣಲೆರನು ಕಲ್ಲು ನಿಲ್ಲಿಸಿದನು. ಊರೂರುಗಳಲ್ಲಿ ದನ ಬಿಡಿಸಲು ಹೋಗಿ ಮಡಿದವರ ಕಲ್ಲುಗಳೂ ಹೀಗೆಯೇ. ಕಾಳಗದ ಫಲ ಏನಾಯಿತೆಂಬುದಕ್ಕಿಂತ ಅವನು ಹೇಗೆ ಕಾದಿದನೆಂಬುದೇ ಅಲ್ಲಿ ಮುಖ್ಯ.

ಈಗ ನಮ್ಮ ಸಾಹಿತ್ಯಕ್ಕೆ ಬರೋಣ. ಸೋತ ಮಲ್ಲನ ಬಗೆಗಿನ ಅತ್ಯಂತ ದೊಡ್ಡ ವಾದ ನಡೆಯುವುದು ಮಹಾಭಾರತದ ಗದಾಯುದ್ಧದಲ್ಲಿ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮನು ದುರ್ಯೋಧನನ ತೊಡೆ ಮುರಿದನು. ಸಾಲದೆಂದು ಬಿದ್ದವನ ತಲೆಯನ್ನು ಕಾಲಿನಿಂದ ಒದೆದನು. ಇಬ್ಬರಿಗೂ ಗದಾವಿದ್ಯೆ ಕಲಿಸಿದ ಬಲರಾಮನು ಕೋಪದಿಂದ ನೇಗಿಲನ್ನೆತ್ತಿ ಭೀಮನ ಮೇಲೆ ಏರಿಹೋದನು. ಕೃಷ್ಣನು ಅವನನ್ನು ತಡೆದು, ಭೀಮನ ಪ್ರತಿಜ್ಞೆಯನ್ನೂ ದ್ರೌಪದಿಗಾದ ಅವಮಾನವನ್ನೂ ನೆನಪಿಸಿದನು. ಬಲರಾಮನಿಗೆ ಸಮಾಧಾನವಾಗಲಿಲ್ಲ, ದ್ವಾರಕೆಗೆ ಹೊರಟುಹೋದನು. ಗೆದ್ದ ಪಕ್ಷದ ಹಿರಿಯನಾದ ಧರ್ಮರಾಯನೇ ಭೀಮನಿಗೆ, ಬಿದ್ದ ಅರಸನನ್ನು ಒದೆಯಬೇಡವೆಂದು ಹೇಳಬೇಕಾಯಿತು. ದುರ್ಯೋಧನನು ತಪ್ಪು ಮಾಡಿರಲಿಲ್ಲವೆಂದು ಇವರಾರೂ ವಾದಿಸಲಿಲ್ಲ. ತಪ್ಪಿಗೆ ಶಿಕ್ಷೆ ಬೇರೆ, ಬಿದ್ದವನಿಗೆ ಅವಮಾನ ಬೇರೆ ಎಂಬುದೇ ವಾದದ ತಿರುಳು.

ಇದೇ ವಸ್ತುವನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕವಿಚಕ್ರವರ್ತಿ ರನ್ನನು ಎತ್ತಿಕೊಂಡನು. ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯ ಕೊಟ್ಟವನು ಚಾಲುಕ್ಯ ಸತ್ಯಾಶ್ರಯ. ಕಾವ್ಯದಲ್ಲಿ ಆ ದೊರೆಯನ್ನು ಭೀಮನೊಡನೆ ಸಮೀಕರಿಸಲಾಗಿದೆ. ಹಾಗಾಗಿ ಗೆದ್ದವನನ್ನು ಹೊಗಳುವುದು ಕವಿಯ ಕರ್ತವ್ಯವಾಗಿತ್ತು. ಆ ಕರ್ತವ್ಯವನ್ನು ಅವನು ನೆರವೇರಿಸಿದನು. ಆದರೂ ಓದುಗರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು ಆ ಬಾಲಕನ ಸಾಹಸವನ್ನು ಮೆಚ್ಚುವ ದುರ್ಯೋಧನನನ್ನು ರನ್ನ ಚಿತ್ರಿಸಿದ್ದಾನೆ. ಸೋಲುತ್ತಿರುವ ವೀರನೊಬ್ಬನು ಸೋತ ಮತ್ತೊಬ್ಬನಿಗೆ ಸಲ್ಲಿಸುವ ಗೌರವವಿದು. ರನ್ನನು ಸೋಲನ್ನು ಮರೆಮಾಡಲಿಲ್ಲ, ಸೋತವನನ್ನು ಸಣ್ಣವನನ್ನಾಗಿಯೂ ಮಾಡಲಿಲ್ಲ.

ಇಲ್ಲಿ ತುಮಕೂರು ಜಿಲ್ಲೆಯ ವಿದ್ಯಾರ್ಥಿಗಳು ಹೆಮ್ಮೆಪಡಬೇಕಾದ ಒಂದು ಸಂಗತಿಯಿದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಲ್ಲಿ ಗ್ರೀಕ್ ರುದ್ರನಾಟಕಗಳ ಗುಣವನ್ನು ಕಂಡರು. ಅದನ್ನು 'ಗದಾಯುದ್ಧ ನಾಟಕಂ' ಎಂದು ರೂಪಾಂತರಿಸಿ, ದುರ್ಯೋಧನನನ್ನು ರುದ್ರನಾಟಕದ ನಾಯಕನಾಗಿ ನಿಲ್ಲಿಸಿದರು. ಪಂಡಿತರ ಮಾತು ಹಾಗಿರಲಿ, ಹಳ್ಳಿಯ ಜನರೂ ಇದನ್ನು ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದಾರೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇಂದಿಗೂ ಹವ್ಯಾಸಿ ಕಲಾವಿದರು ರಾತ್ರಿಯಿಡೀ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿ ಇದೇ ಹೆಸರಿನ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಹೆಸರಾಯಿತು. ಪಾತ್ರಧಾರಿಗಳೇ ಹಣ ಹಾಕಿ ಆಡುವ ಈ ನಾಟಕಗಳಲ್ಲಿ ಹೆಚ್ಚು ಬೇಡಿಕೆಯ ಪಾತ್ರಗಳಲ್ಲಿ ದುರ್ಯೋಧನನದೂ ಒಂದು. ಬೆಳಗಿನ ಜಾವ ಅವನು ಸೋಲುತ್ತಾನೆಂಬುದು ಸತ್ಯಮಂಗಲದ ಮಕ್ಕಳಿಗೂ ಗೊತ್ತು. ಆದರೂ ಅವನು ರಂಗಕ್ಕೆ ಬಂದಾಗ ಶಿಳ್ಳೆ, ಹಾರ, 'ಒನ್ಸ್ ಮೋರ್' ಯಾವುದಕ್ಕೂ ಕಡಿಮೆಯಿರುವುದಿಲ್ಲ.

ಆದರೆ ಸೋತವನ ಮೇಲಿನ ಪ್ರೀತಿಗೂ ಒಂದು ಅಪಾಯವಿದೆ. ಆಧುನಿಕ ಮುಷ್ಟಿಯುದ್ಧದ ಇತಿಹಾಸದಿಂದ ಒಂದು ಉದಾಹರಣೆ ನೋಡೋಣ. ಅಮೆರಿಕದ ಮಹಮ್ಮದ್ ಅಲಿ 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಮಣಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದವರು. ವಿಯಟ್ನಾಂ ಯುದ್ಧಕ್ಕೆ ಸೈನಿಕನಾಗಿ ಹೋಗಲೊಲ್ಲೆನೆಂದು 1967ರಲ್ಲಿ ಪದವಿ ಕಳೆದುಕೊಂಡರು. 1971ರಲ್ಲಿ ಜೋ ಫ್ರೇಜಿಯರ್‌ಗೆ ಸೋತರು. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್ಮನ್‌ನನ್ನು ಸೋಲಿಸಿ ಮತ್ತೆ ಪದವಿ ಪಡೆದರು. ಬಿದ್ದು ಎದ್ದವರೆಂಬ ಕಾರಣಕ್ಕೇ ಜನ ಅವರನ್ನು ಇನ್ನಷ್ಟು ಪ್ರೀತಿಸಿದರು. ವಯಸ್ಸಾದಂತೆ ಅಭಿಮಾನಿಗಳಲ್ಲಿ ಎರಡು ಪಕ್ಷವಾಯಿತು. ಇನ್ನು ಸಾಕೆಂದು ಒಂದು ಪಕ್ಷ, ಅಲಿ ಮತ್ತೆ ಗೆಲ್ಲುತ್ತಾರೆಂದು ಇನ್ನೊಂದು ಪಕ್ಷ. ಅವರ ವೈದ್ಯ ಫರ್ಡಿ ಪಚೆಕೊ ನಿಲ್ಲಿಸುವಂತೆ ಹೇಳಿ, ಮಾತು ನಡೆಯದಿದ್ದಾಗ 1977ರಲ್ಲಿ ಅವರ ಬಳಗವನ್ನೇ ಬಿಟ್ಟರು.

1980ರ ಅಕ್ಟೋಬರ್ 2ರಂದು, 38ನೆಯ ವಯಸ್ಸಿನಲ್ಲಿ, ಅಲಿ ಒಂದು ಕಾಲದಲ್ಲಿ ತಮ್ಮ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್ ಎದುರು ನಿಂತರು. ಹತ್ತು ಸುತ್ತು ಹೊಡೆತ ತಿಂದ ಮೇಲೆ ತರಬೇತುದಾರ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. ಗೆದ್ದ ಹೋಮ್ಸ್ ಕಣ್ಣೀರು ಹಾಕಿದರು. ತೂಕ ಇಳಿಸಿದ್ದು ಮತ್ತು ಥೈರಾಯ್ಡ್ ಔಷಧ ಸೇವಿಸಿದ್ದು ಸೋಲಿಗೆ ಕಾರಣವೆಂಬ ವಿವರಣೆ ಬಂದಿತು. ಅದರಲ್ಲಿ ನಿಜಾಂಶವೂ ಇತ್ತು. ಆದರೆ ಅಂಥ ವಿವರಣೆ ಇನ್ನೊಂದು ಅವಕಾಶದ ಆಸೆಯನ್ನು ಜೀವಂತವಾಗಿಡುತ್ತದೆ. 1981ರ ಡಿಸೆಂಬರ್‌ನಲ್ಲಿ ಅಲಿ ಮತ್ತೆ ಕಣಕ್ಕಿಳಿದು ಟ್ರೆವರ್ ಬರ್ಬಿಕ್‌ಗೆ ಸೋತರು. 'ಜಾರಿ ಬಿದ್ದದ್ದೂ ಒಂದು ಪಟ್ಟು' ಎಂಬ ಮಾತಿಗೆ ಜಟ್ಟಿಯೇ ಬೆಲೆ ತೆರಬೇಕಾಗಬಹುದು. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಲಕ್ಷಣಗಳಿರುವುದು ಪತ್ತೆಯಾಯಿತು. ತಲೆಗೆ ಬಿದ್ದ ಹೊಡೆತಗಳ ಪಾತ್ರ ಅದರಲ್ಲಿ ಎಷ್ಟೆಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿಯನ್ನು ನಡುಗುವ ಕೈಯಿಂದ ಹೊತ್ತಿಸಿದಾಗ ಜಗತ್ತು ಅವರಿಂದ ಇನ್ನೊಂದು ಗೆಲುವನ್ನು ಕೇಳಲಿಲ್ಲ.

ಅಲಿಯ ಬಳಗದಲ್ಲಿ ನಮ್ಮ ನಾಲ್ಕನೆಯ ಬಗೆಯವರು ಯಾರು? ಬೇಡವೆಂದು ಹೇಳಿದ ವೈದ್ಯ, ಸಾಕೆಂದು ಪಂದ್ಯ ನಿಲ್ಲಿಸಿದ ತರಬೇತುದಾರ. ಪಾಯೆಸ್ ಕಂಡ ಗೆಳೆಯರ ಸಾಲಿಗೆ ಸೇರಬೇಕಾದವರು ಇವರು. ಬೈದು ದೂರ ಹೋಗುವುದು ಸುಲಭ, ನೆಪ ಹೇಳಿ ಮತ್ತೆ ಕಣಕ್ಕೆ ತಳ್ಳುವುದೂ ಸುಲಭ. ಸೋತದ್ದನ್ನು ಸೋತದ್ದೆಂದೇ ಒಪ್ಪಿಕೊಂಡು ಅವನ ಜೊತೆಯಲ್ಲಿ ನಿಲ್ಲುವುದು ಕಷ್ಟ.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ದಿನ 100 ಗ್ರಾಂ ತೂಕ ಹೆಚ್ಚಾಗಿ ಕುಸ್ತಿಪಟು ವಿನೇಶ್ ಫೋಗಟ್ ಅನರ್ಹರಾದಾಗ ನಮ್ಮ ಮನೆಮನೆಗಳಲ್ಲೂ ಇದೇ ವಾದ ನಡೆಯಿತು. ತಪ್ಪು ಯಾರದೆಂದು ಕೆಲವರು ಲೆಕ್ಕ ಹಾಕಿದರೆ, ಪದಕ ಬಂದಂತೆಯೇ ಭಾವಿಸಬೇಕೆಂದು ಕೆಲವರು ಹೇಳಿದರು. ನಿಮ್ಮ ಶಾಲೆಯ ಕಬಡ್ಡಿ ತಂಡ ತಾಲ್ಲೂಕು ಪಂದ್ಯದಲ್ಲಿ ಸೋತು ಬಂದ ದಿನವೂ ಈ ಪ್ರಶ್ನೆ ಏಳಬಹುದು. ಆ ದಿನ ಕೊನೆಯ ರೈಡಿನಲ್ಲಿ ಸಿಕ್ಕಿಬಿದ್ದ ಗೆಳೆಯನಿಗೆ ಅಂಪೈರನ್ನು ಬೈದು ಸಮಾಧಾನ ಹೇಳುವಿರೋ, ಅವನನ್ನೇ ಬೈಯುವಿರೋ, ಅಥವಾ ಅವನ ಚೀಲ ಹಿಡಿದುಕೊಂಡು ಬಸ್ಸಿನವರೆಗೆ ಅವನ ಜೊತೆ ನಡೆಯುವಿರೋ? ತರಗತಿಯಲ್ಲಿ ಚರ್ಚಿಸಿ ನೋಡಿ.